ಕೈ ಮುಗಿದು ತೇಲುತ್ತಿದ್ದ ಭೀಮಸಿ ಕಾಕಾ

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಮೂರು ವರ್ಷದಿಂದ ಸೂಜಿ ಹಿಡಿದಿದ್ದೇನೆ, ಪೆನ್ನು ಹಿಡಿದಿಲ್ಲ. ನನ್ನ ಹತ್ತಿರ ಪದಗಳೂ ಕಡಿಮೆ. ತಪ್ಪಾದ ಕಡೆ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಓದುವವರು ಸಾವಕಾಶ ಓದಬೇಕು.

ನಮ್ಮೂರ ಗ್ರಂಥಾಲಯದ ಬಸವಂತ ಸರ್ ಪ್ರತಿ ವರ್ಷ ಜನವರಿ ಇಪ್ಪತ್ತಾರಕ್ಕೆ ಒಂದು ಕೈಬರಹದ ಪತ್ರಿಕೆ ಮಾಡಿ ಗ್ರಂಥಾಲಯದ ಗೋಡೆಗೆ ಅಂಟಿಸುತ್ತಾರೆ. ಈ ಸಲ ಊರಿನ ಒಬ್ಬ ಸಾಮಾನ್ಯ ಮನುಷ್ಯನ ಬಗ್ಗೆ ಎರಡು ಪುಟ ಬರೆಯಿರಿ ಎಂದರು. ನಾನು ಡಿಸೆಂಬರಿನಲ್ಲೇ ಭೀಮಸಿ ಕಾಕಾನ ಹೆಸರು ಕೊಟ್ಟೆ. ಆಗ ಅವರು ಬದುಕಿದ್ದರು. ನಾನು ಕೇಳಿದ್ದಕ್ಕೆಲ್ಲ ಬೋಟಿನ ಅಂಚಿಗೆ ಕುಳಿತು ಉತ್ತರ ಹೇಳಿದರು. ಅದಕ್ಕೇ ಮೊದಲ ಭಾಗದಲ್ಲಿ ಇರುವುದು ಅವರು ಹೇಳಿದ್ದು. ಉಳಿದದ್ದು ನಾನು ಕಂಡದ್ದು. ಎರಡು ಪುಟದಲ್ಲಿ ಮುಗಿಯಲಿಲ್ಲ.

ನಮ್ಮ ಊರು ಕಾಗವಾಡ ತಾಲೂಕಿನಲ್ಲಿ, ಕೃಷ್ಣಾ ಹೊಳೆಯ ದಂಡೆಗಿದೆ. ಆಚೆ ದಂಡೆ ರಾಯಬಾಗ ತಾಲೂಕು. ಸೇತುವೆ ಆಗುವ ಮೊದಲು ಈ ದಂಡೆಯಿಂದ ಆ ದಂಡೆಗೆ ಜನರನ್ನು, ದನಗಳನ್ನು, ಮದುವೆಯ ದಿಬ್ಬಣಗಳನ್ನು ದಾಟಿಸುತ್ತಿದ್ದವರು ಭೀಮಸಿ ಕಾಕಾನ ಅಪ್ಪ. ಕಾಕಾ ನಡೆಯುವುದಕ್ಕಿಂತ ಮೊದಲು ಈಜುವುದನ್ನು ಕಲಿತರಂತೆ. ಸೇತುವೆ ಆದ ಮೇಲೆ ನಾವೆ ದಂಡೆಗೆ ಬಿತ್ತು. ಕಾಕಾ ಬೇರೆಯವರ ಕಬ್ಬಿಗೆ ನೀರು ಬಿಡುವ ಕೆಲಸಕ್ಕೆ, ಹೊಳೆಯ ಪಂಪ್ ಮನೆಯ ಕಾವಲಿಗೆ ಹೋದರು. ನಾವೆಗೆ ಮಾತ್ರ ಪ್ರತಿ ಬೇಸಿಗೆಯಲ್ಲಿ ಡಾಂಬರು ಬಳಿಯುತ್ತಿದ್ದರು. ಯಾಕೆ ಎಂದು ಜನ ನಗುತ್ತಿದ್ದರು. ಎರಡು ಸಾವಿರದ ಹತ್ತೊಂಬತ್ತರ ಮಹಾಪೂರದಲ್ಲಿ ಅದೇ ನಾವೆಯಿಂದ ನಾಲ್ವತ್ತಮೂರು ಜನರನ್ನು ಮಾಳಿಗೆಗಳ ಮೇಲಿಂದ ಇಳಿಸಿ ತಂದರು. ಅವರಲ್ಲಿ ಅಣ್ಣಾಸಾಬರ ತಾಯಿಯೂ ಒಬ್ಬರು. ಕೊನೆಯ ಸುತ್ತಿನಲ್ಲಿ ನಾವೆ ವಿದ್ಯುತ್ ಕಂಬಕ್ಕೆ ಬಡಿದು ಒಡೆಯಿತು.

ಅಣ್ಣಾಸಾಬರು ಯಾರು ಎಂದು ಊರವರಿಗೆ ಹೇಳಬೇಕಿಲ್ಲ, ಹೊರಗಿನವರು ಓದಿದರೆ ಇರಲಿ ಎಂದು ಬರೆಯುತ್ತೇನೆ. ಹೊಳೆಯ ಪಕ್ಕ ಅವರ ದ್ರಾಕ್ಷಿ ತೋಟವಿದೆ. ಮೂರು ವರ್ಷದ ಹಿಂದೆ ತೋಟದ ಕೆಳಗೆ ಹೊಳೆಗಿಳಿಯುವ ಮೆಟ್ಟಿಲಿನ ಘಾಟು ಕಟ್ಟಿಸಿ, ಇಪ್ಪತ್ತು ಜನ ಕೂಡುವ ಒಂದು ಮೋಟಾರ್ ಬೋಟು ತಂದರು. ಚಳಿಗಾಲದಲ್ಲಿ ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು ತಿನ್ನಲು, ಬೋಟಿನಲ್ಲಿ ಕುಳಿತು ಫೋಟೋ ತೆಗೆಸಿಕೊಳ್ಳಲು ಬೇಡಕಿಹಾಳ, ಅನಂತಪುರ, ಮಿರಜ ಕಡೆಯಿಂದೆಲ್ಲ ಜನ ಬರುತ್ತಾರೆ. ಬೋಟು ನಡೆಸಲು ಭೀಮಸಿ ಕಾಕಾನನ್ನು ಕರೆದರು. ಕಾಕಾ ಕಾರವಾರಕ್ಕೆ ಹೋಗಿ ಮೂರು ದಿನದ ತರಬೇತಿ ತೆಗೆದುಕೊಂಡು, ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದರು. ಅದನ್ನು ಮನೆಯಲ್ಲಿ ಪಾಂಡುರಂಗನ ಫೋಟೋದ ಪಕ್ಕದಲ್ಲಿ ಇಟ್ಟಿದ್ದರು.

ಬೋಟಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು, ಹಿಂದೆ ಬಿಳಿ. ಕತ್ತಲಾದ ಮೇಲೆ ಎದುರಿನ ಬೋಟಿನವನಿಗೆ ನಾವು ಎತ್ತ ಹೊರಟಿದ್ದೇವೆ ಎಂದು ಅದರಿಂದ ತಿಳಿಯುತ್ತದೆ. ಇದನ್ನು ಕಾಕಾ ನನಗೆ ಹೇಳಿಕೊಟ್ಟರು. ನಾನು ಮರೆಯಬಾರದೆಂದು ಎಡಗೈಗೆ ಕೆಂಪು ಬಳೆ, ಬಲಗೈಗೆ ಹಸಿರು ಬಳೆ ಹಾಕಿಕೊಂಡೆ. ಈಗಲೂ ಇವೆ. ಇಡೀ ಹೊಳೆಗೆ ನಮ್ಮದೊಂದೇ ಬೋಟು, ಎದುರು ಯಾರು ಬರುತ್ತಾರೆ ಎಂದು ಕೇಳಿದೆ. ಬರುವವರು ಹೇಳಿ ಬರುವುದಿಲ್ಲ ಎಂದರು.

ಬೋಟಿನ ಜೊತೆಗೆ ಇಪ್ಪತ್ತು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು, ಒಂದೊಂದು ಜಾಕೆಟ್ಟಿಗೂ ಒಂದು ಸೀಟಿ, ಮುಳುಗುವವರಿಗೆ ಎಸೆಯಲು ಒಂದು ಕೆಂಪು-ಬಿಳಿ ರಿಂಗು, ಮುಂಭಾಗಕ್ಕೆ ದೂರ ಬೆಳಕು ಬೀಳುವ ದೊಡ್ಡ ದೀಪ, ಮತ್ತು ಆಗಲೇ ಹೇಳಿದ ಬಣ್ಣದ ದೀಪಗಳು ಬಂದಿದ್ದವು. ವರ್ಷದೊಳಗೆ ಒಂದೊಂದೇ ಬೋಟಿನಿಂದ ಇಳಿದು ದಂಡೆಗೆ ಬಂದವು. ಅಣ್ಣಾಸಾಬರ ಮಗ ರೋಹನ ಫೋನಿನಲ್ಲಿ ವಿಡಿಯೋ ಮಾಡಿ ಹಾಕುತ್ತಾನೆ, ಅದನ್ನು ನೋಡಿಯೇ ಜನ ಬರುವುದು. ಅವನು ಘಾಟಿನಲ್ಲಿ ಫೋಟೋ ತೆಗೆಸಿಕೊಳ್ಳುವವರಿಗೆ ಒಂದು ಕಮಾನು ಮಾಡಿಸಿದ. ದೊಡ್ಡ ದೀಪ ಕಮಾನಿನ ಮೇಲೆ ಹೋಯಿತು. ಕೆಂಪು, ಹಸಿರು ದೀಪಗಳು ಕಮಾನಿನ ಎರಡೂ ಬದಿಗೆ ಹೋದವು. ರಿಂಗಿನ ಮೇಲೆ ತೋಟದ ಹೆಸರು ಬರೆಸಿ ಗೋಡೆಗೆ ನಾಲ್ಕು ಸ್ಕ್ರೂ ಹಾಕಿ ಕೂಡಿಸಿದರು. ಮಕ್ಕಳು ಸೀಟಿ ಊದಿದರೆ ವಿಡಿಯೋದ ಧ್ವನಿ ಕೆಡುತ್ತದೆಂದು ಸೀಟಿಗಳನ್ನು ಕತ್ತರಿಸಿ ತೆಗೆದರು. ಬೋಟಿಗೆ ಮಾತ್ರ ಮುಂದಿನಿಂದ ಹಿಂದಿನವರೆಗೆ ಮದುವೆ ಮಂಟಪದ ಸರಮಾಲೆಯ ಬಲ್ಬುಗಳನ್ನು ಸುತ್ತಿದರು.

ಕಾಕಾ ಒಮ್ಮೆ ರೋಹನನಿಗೆ ಹೇಳಿದ್ದು ನನಗೆ ಕೇಳಿಸಿತು.

"ಸಣ್ಣ ಸಾವ್ಕಾರ್ರ, ಬೋಟಿನ್ಯಾಗ ಬೆಳಕ ಹೆಚ್ಚಾದ್ರ ಹೊಳಿ ಕಾಣೂದಿಲ್ರಿ. ಒಳಗ ಕತ್ತಲಿದ್ರನ ಹೊರಗ ಕಾಣ್ತೈತಿ."

"ಹೊಳಿ ನೋಡಾಕ ಯಾರ ಬರ್ತಾರೋ ಕಾಕಾ? ತಮ್ಮ ಮಾರಿ ತಾವ ನೋಡಕೊಳ್ಳಾಕ ಬರ್ತಾರ."

ಸುತ್ತ ಇದ್ದವರು ನಕ್ಕರು. ಕಾಕಾನೂ ನಕ್ಕರು. ಮರುದಿನ ಎರಡು ಬ್ಯಾಟರಿ ದೀಪಗಳಿಗೆ ಸೀರೆ ಡಬ್ಬಿಯ ಕೆಂಪು, ಹಸಿರು ಹಾಳೆ ಸುತ್ತಿ ಬೋಟಿನ ಎರಡೂ ಬದಿಗೆ ಕಟ್ಟಿಕೊಂಡರು. ಕತ್ತರಿಸಿದ ಸೀಟಿಗಳಲ್ಲಿ ಒಂದನ್ನು ನನಗೆ ಕೊಟ್ಟು, "ನಿನ್ನ ದನಿ ಸಣ್ಣದೈತಿ ತಂಗಿ. ಹೊಳಿ ದಂಡಿಮ್ಯಾಲ ಇರಾಕಿ ನೀ. ಇದು ಕೊಳ್ಳಾಗ ಇರ್ಲಿ" ಎಂದರು.

ನಾನು ಹೊಳೆಯ ದಂಡೆಯಲ್ಲಿ ಏನು ಮಾಡುತ್ತೇನೆ ಎಂದು ಈಗ ಹೇಳಬೇಕು. ಇದೇ ಬರೆಯಲು ಕಷ್ಟವಾದ ಭಾಗ.

ನನ್ನ ಮಾವಶಿ, ಅಂದರೆ ಅವ್ವನ ತಂಗಿ, ಗೌರಾಬಾಯಿ ಹೊಲಿಗೆ ಕೆಲಸ ಮಾಡುತ್ತಾರೆ. ಶಾಲೆ ಬಿಟ್ಟ ಮೇಲೆ ನಾನು ಅವರ ಹತ್ತಿರ ಕಲಿಯುತ್ತಿದ್ದೇನೆ. ಹೋದ ಮಳೆಗಾಲದಲ್ಲಿ ಬೋಟಿಂಗ್ ಬಂದ್ ಇದ್ದಾಗ ಜಾಕೆಟ್ಟುಗಳನ್ನು ಒಣದ್ರಾಕ್ಷಿ ಶೆಡ್ಡಿನಲ್ಲಿ ಒಟ್ಟಿದ್ದರು. ಸಿಹಿ ವಾಸನೆಗೆ ಬಂದ ಇಲಿಗಳು ಜಾಕೆಟ್ಟುಗಳಲ್ಲಿ ಮರಿ ಹಾಕಿದವು. ಒಳಗಿನ ಬಿಳಿ ಹಲಗೆಯಂಥ ವಸ್ತುವನ್ನು ಹಿಟ್ಟು ಮಾಡಿ ಹಾಕಿದ್ದವು. ಅಣ್ಣಾಸಾಬರ ಆಫೀಸಿನಲ್ಲಿ ಮೊಳೆಗೆ ತೂಗುಹಾಕಿದ್ದ ಎರಡು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಹೊಸದರಂತೆ ಉಳಿದವು. ಉಳಿದ ಹದಿನೆಂಟನ್ನು ಅಣ್ಣಾಸಾಬರು ಮಾವಶಿಯ ಮನೆಗೆ ತಂದು ಹಾಕಿದರು. ಹೊರಗೆ ಮೊದಲಿನಂತೆಯೇ ಕಾಣಬೇಕು ಎಂದರು. ಒಳಗೆ ಹಾಕಲು ನಿಪ್ಪಾಣಿಯ ಗಾದಿ ಅಂಗಡಿಯಿಂದ ಸೋಫಾಕ್ಕೆ ಹಾಕುವ ಸ್ಪಂಜಿನ ಸುರುಳಿ ತಂದುಕೊಟ್ಟರು.

ಸ್ಪಂಜು ತೇಲುತ್ತದೆಯೇ ಎಂದು ಮಾವಶಿ ಕೇಳದೇ ಇರಲಿಲ್ಲ. ಒಂದು ತುಂಡು ಕತ್ತರಿಸಿ ಬಕೆಟ್ಟಿನ ನೀರಿಗೆ ಹಾಕಿ ಎಲ್ಲರ ಎದುರು ನೋಡಿದರು. ಅದು ಎಲೆಯಂತೆ ತೇಲಿತು. ಅಣ್ಣಾಸಾಬರು ಅದರ ಮೇಲೆ ತಮ್ಮ ಮೊಬೈಲ್ ಫೋನು ಇಟ್ಟು ತೋರಿಸಿದರು. ಫೋನೂ ತೇಲಿತು. ಚಹಾ ಕುಡಿದು ಹೋದರು.

ಹದಿನೆಂಟರಲ್ಲಿ ಹನ್ನೊಂದನ್ನು ನಾನೇ ಹೊಲಿದೆ. ಪಟ್ಟಿಯ ತುದಿಗೆ ಮಷೀನನ್ನು ಮೂರು ಸಲ ಹಿಂದೆ ಮುಂದೆ ಓಡಿಸಿ, ದಾರದ ಗಂಟನ್ನು ಒಳಗೆ ಹಾಕುತ್ತೇನೆ. ಎಷ್ಟು ಜಗ್ಗಿದರೂ ಬಿಡುವುದಿಲ್ಲ. ಅದು ನನ್ನ ಹೊಲಿಗೆಯ ಗುರುತು. ಹೊಳಪಿನ ಪಟ್ಟಿಯನ್ನು ಬಿಚ್ಚಿ ತೊಳೆದು ಅಳತೆ ಹಿಡಿದು ಮತ್ತೆ ಕೂಡಿಸಿದೆ. ಮಾವಶಿ ಯಾರ ಹೊಲಿಗೆಯನ್ನೂ ಹೊಗಳುವವರಲ್ಲ. ಇದನ್ನು ಹೊಗಳಿದರು.

ಮೊದಲ ದಿನದ ಸ್ಪಂಜಿನ ತುಂಡು ಬಕೆಟ್ಟಿನಲ್ಲೇ ಉಳಿದಿತ್ತು. ಮರುದಿನ ಬೆಳಿಗ್ಗೆ ನೆಲ ಸಾರಿಸಲು ನೀರು ತೆಗೆಯುವಾಗ ನೋಡಿದೆ. ಅದು ಬಕೆಟ್ಟಿನ ತಳದಲ್ಲಿತ್ತು. ಎತ್ತಿ ಹಿಂಡಿದೆ, ಒಂದು ತಂಬಿಗೆ ನೀರು ಬಂತು. ಮಾವಶಿ ಎಂದು ಕರೆದೆ. ಅವರು ಮಷೀನಿನ ಮೇಲಿಂದ ತಲೆ ಎತ್ತದೆ, ಮಾತಾಡಬೇಡ, ಕೈ ನಡೆಸು ಎಂದರು. ನಾನು ಕೈ ನಡೆಸಿದೆ. ಆಗ ಇನ್ನೂ ನಾಲ್ಕೇ ಜಾಕೆಟ್ಟು ಮುಗಿದಿದ್ದವು. ಹದಿನಾಲ್ಕು ಬಾಕಿ ಇದ್ದವು. ಆ ಹದಿನಾಲ್ಕನ್ನೂ ಹೊಲಿಯಬಾರದಿತ್ತು.

ನವೆಂಬರಿನಲ್ಲಿ ಬೋಟಿಂಗ್ ಮತ್ತೆ ಶುರುವಾದಾಗ ಪ್ರತಿ ರವಿವಾರ ಜಾಕೆಟ್ಟು ಹಾಕಿ, ಬಕಲ್ ಬಿಗಿದು, ಬಂದ ಮೇಲೆ ತೆಗೆದು ತಂತಿಗೆ ಒಣಹಾಕುವ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡರು. ಬಕಲ್ಲಿನ ಅಳತೆ ನನಗೆ ಗೊತ್ತಿದ್ದರಿಂದ.

ಬಂದವರಿಗೆ ಧೈರ್ಯ ಬರಲೆಂದು ರೋಹನ 'ಡೆಮೋ' ಶುರು ಮಾಡಿದ. ಬೋಟು ಸ್ವಲ್ಪ ದೂರ ಹೋದ ಮೇಲೆ ಕಾಕಾ ಜಾಕೆಟ್ಟು ಹಾಕಿಕೊಂಡೇ ನೀರಿಗೆ ಜಿಗಿಯಬೇಕು. ಒಳಗೆ ಹೋಗಿ ಮಾಯವಾಗಬೇಕು. ಜನ ಗಾಬರಿಯಾಗುವ ಹೊತ್ತಿಗೆ ಮೇಲೆ ಬಂದು, ಎರಡೂ ಕೈ ಎತ್ತಿ ಜನರಿಗೆ ನಮಸ್ಕಾರ ಮಾಡಬೇಕು. ಕೈ ಆಡಿಸದೆ ತೇಲುತ್ತಿದ್ದಾನೆ ಎಂದರೆ ಜಾಕೆಟ್ಟು ಗಟ್ಟಿ ಎಂದರ್ಥ. ಜನ ಚಪ್ಪಾಳೆ ತಟ್ಟುತ್ತಿದ್ದರು. ಕಾಕಾ ಹತ್ತು ಎಣಿಸುವಷ್ಟರಲ್ಲಿ ಮೇಲೆ ಬರುತ್ತಿದ್ದರು. ನಾನು ದಂಡೆಯಲ್ಲಿ ನಿಂತು ಪ್ರತಿ ಸಲ ಎಣಿಸುತ್ತಿದ್ದೆ.

ಮೊದಲ ಡೆಮೋದ ದಿನವೇ ಅವರು ಒದ್ದೆ ಜಾಕೆಟ್ಟನ್ನು ನನ್ನ ಕೈಗೆ ಕೊಡುತ್ತ ಯಾರೂ ಇಲ್ಲದ್ದನ್ನು ನೋಡಿ ಹೇಳಿದರು.

"ಹೊಲಿಗಿ ಭಾಳ ಚಲೋ ಐತಿ ತಂಗಿ. ಒಳಗಿಂದ ಚಲೋ ಇಲ್ಲ. ಮೊದಲನೇ ಸಲ ಒಂದೀಟ ಹಿಡೀತೈತಿ. ಎರಡನೇ ಸಲಕ್ಕ ಹೆಗಲ ಹಿಡದ ಕೆಳಗ ಜಗ್ಗತೈತಿ."

"ಮತ್ತ ನೀವು ತೇಲತೀರಲ್ರಿ ಕಾಕಾ."

"ಕೆಳಗ ಕಾಲ ಆಡಸತೇನಿ. ನಿಂತ ಈಜೂದು ನಮ್ಮಪ್ಪ ಕಲಿಸ್ಯಾನ. ಮ್ಯಾಲ ಕೈ ಮುಗದಿರತೇನಿ, ಮಂದಿ ಕೈ ನೋಡ್ತಾರ."

ನಾನು ಅಳಲು ಶುರು ಮಾಡಿದೆ. ಬಕೆಟ್ಟಿನ ತುಂಡಿನ ವಿಷಯ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಯಾರಿಗೂ ಹೇಳಬೇಡ, ಹೊಲಿದವರ ಹೆಸರು ಮುಂದೆ ಬರುತ್ತದೆ, ತಂದುಕೊಟ್ಟವರ ಹೆಸರು ಬರುವುದಿಲ್ಲ ಎಂದರು. ಹಾಗಾದರೆ ಈ ಕೆಲಸ ಬಿಟ್ಟುಬಿಡಿ ಎಂದೆ. ಆಗ ಅವರು ಹೇಳಿದ್ದನ್ನು ನಾನು ಅವತ್ತೇ ಬರೆದಿಟ್ಟುಕೊಂಡಿದ್ದೇನೆ.

"ನಾ ಬಿಟ್ಟ ಹ್ವಾದ್ರ ಈಜ ಬರಲಾರದಾಂವ ಯಾವನರ ಬರ್ತಾನ. ನಾ ಇದ್ರ ಬೋಟಿನ್ಯಾಗ ಈಜ ಬರಾಂವ ಒಬ್ಬನರ ಇರ್ತಾನ."

ಅವರು ಒಂದು ಉಪಾಯ ಮಾಡಿದ್ದರು. ನಮ್ಮ ಬದಿಯಲ್ಲಿ, ದಂಡೆಗೆ ಹೊಂದಿ, ನೀರಿನ ಕೆಳಗೆ ಉದ್ದಕ್ಕೆ ಮರಳಿನ ದಿಬ್ಬವಿದೆ. ಅಲ್ಲಿ ನೀರು ಎದೆಯಷ್ಟೇ ಇರುತ್ತದೆ. ಕಾಕಾ ಬೋಟನ್ನು ಯಾವಾಗಲೂ ಅದರ ಮೇಲೆಯೇ ನಡೆಸುತ್ತಿದ್ದರು. ಡೆಮೋಕ್ಕೆ ಮಾತ್ರ ದಿಬ್ಬದ ಅಂಚಿಗೆ ನಿಲ್ಲಿಸಿ ಆಳದ ಬದಿಗೆ ಜಿಗಿಯುತ್ತಿದ್ದರು. ಇಲ್ಲಿ ಎಷ್ಟು ಆಳ ಎಂದು ಕೇಳಿದರೆ ಮೂರು ಆಳು ಎಂದು ಸುಳ್ಳು ಹೇಳುತ್ತಿದ್ದರು. ಬೋಟು ಮಗುಚಿದರೂ ಮಕ್ಕಳನ್ನು ಬಿಟ್ಟು ಉಳಿದವರೆಲ್ಲ ಎದ್ದು ನಿಲ್ಲಬಹುದಿತ್ತು, ಮಕ್ಕಳನ್ನು ಎತ್ತಿಕೊಳ್ಳಬಹುದಿತ್ತು. ಎರಡೂವರೆ ತಿಂಗಳು ಹೀಗೆ ನಡೆಯಿತು. ಜನರಿಗೆ ಇದೆಲ್ಲ ಗೊತ್ತಿರಲಿಲ್ಲ. ಅವರು ಸಿಳ್ಳು ಹಾಕಿ, ಮುದುಕ ದಂಡೆ ಬಿಟ್ಟು ಹೋಗಲು ಹೆಂಡತಿಯ ಅಪ್ಪಣೆ ಇಲ್ಲವೇನೋ ಎನ್ನುತ್ತಿದ್ದರು. ಎಮ್ಮೆಯ ಮೇಲೆ ಕುಳಿತರೆ ಇದಕ್ಕಿಂತ ಬೇಗ ಹೋಗುತ್ತೇವೆ ಎಂದು ಯಾರೋ ಫೋನಿನಲ್ಲಿ ಬರೆದರಂತೆ. ಅದನ್ನು ಓದಿದ ರೋಹನ ಕಾಕಾನನ್ನು ಎಲ್ಲರ ಎದುರು ಅಂಜುಬುರುಕ ಎಂದು ಕರೆಯಲು ಶುರು ಮಾಡಿದ. ಮಹಾಪೂರದಲ್ಲಿ ತನ್ನ ಅಜ್ಜಿಯನ್ನು ತಂದವರು ಇವರೇ ಎಂದು ಅವನಿಗೆ ನೆನಪಿತ್ತು. ಅಜ್ಜಿಯನ್ನು ತಂದಾಗ ಇದ್ದ ಧೈರ್ಯ ಎಲ್ಲಿ ಹೋಯಿತು ಎಂದು ಅದನ್ನೂ ಹಂಗಿಸಲು ಬಳಸಿದ.

ಜನವರಿ ಹದಿನೆಂಟು ರವಿವಾರ. ಅಮಾವಾಸ್ಯೆಯ ದಿನ ಆಗಿದ್ದರಿಂದ ಜನ ಬಹಳ ಬಂದಿದ್ದರು. ಬೆಳಿಗ್ಗೆಯಿಂದ ಐದು ಸುತ್ತು, ಐದು ಡೆಮೋ ಆಗಿತ್ತು. ಕಾಕಾನ ಜಾಕೆಟ್ಟು ಬೆಳಿಗ್ಗೆಯಿಂದ ಒಣಗಿರಲಿಲ್ಲ. ಒಣಗಿದವು ಬಂದವರ ಮೈಮೇಲಿದ್ದವು. ಸಂಜೆ ಆರು ಗಂಟೆಗೆ ಐದನೆಯ ಸುತ್ತಿನಿಂದ ಇಳಿದಾಗ ಅವರ ತುಟಿ ನೀಲಿಯಾಗಿ ಹಲ್ಲು ಕಟಕಟ ಎನ್ನುತ್ತಿದ್ದವು. ನಾನು ಚಹಾ ಕೊಟ್ಟೆ, ಲೋಟ ಹಿಡಿಯಲು ಆಗದೆ ಅರ್ಧ ಚೆಲ್ಲಿದರು. ಅಷ್ಟರಲ್ಲಿ ಒಂದು ದೊಡ್ಡ ಗುಂಪು, ದೀಪ ಹಚ್ಚಿದ ಬೋಟಿನಲ್ಲಿ ಹೊಳೆಯ ನಟ್ಟನಡುವೆ ವಿಡಿಯೋ ಬೇಕು, ಡೆಮೋನೂ ಬೇಕು ಎಂದು ಹಟ ಹಿಡಿಯಿತು. ರೋಹನ ಒಪ್ಪಿಕೊಂಡ.

ಕಾಕಾ ಆಫೀಸಿಗೆ ಹೋಗಿ ಅಣ್ಣಾಸಾಬರ ಎದುರು ನಿಂತರು. ಬಾಗಿಲು ತೆರೆದಿತ್ತು. ಆ ಎರಡು ಜಾಕೆಟ್ಟು ಗೋಡೆಗೆ ತೂಗಾಡುತ್ತಿದ್ದವು.

"ಸಾವ್ಕಾರ್ರ, ನಡುವ ಹೊಳ್ಯಾಗ ಅಂದ್ರ ಅದರಾಗಿಂದ ಒಂದ ಕೊಡ್ರಿ. ಈ ಒಂದ ಸಲ."

"ಅವು ಸಾಹೇಬರು ಬಂದ್ರ ತೋರಸಾಕ ಇಟ್ಟಾವೋ. ತೊಯಿಸಿದಿ ಅಂದ್ರ ಹಳೇವ ಕಾಣ್ತಾವ."

"ಇವು ತೇಲೂದಿಲ್ರಿ. ನಿಮಗೂ ಗೊತ್ತೈತಿ."

"ತೇಲೂದಿಲ್ಲಂದ್ರ ದಿನಾ ಹೆಂಗ ತೇಲಾಕತ್ತಿ?"

ಅಣ್ಣಾಸಾಬರು ನಗುತ್ತ ಕೇಳಿದರು. ಕಾಕಾನೇ ಪ್ರತಿ ರವಿವಾರ ಎಲ್ಲರ ಎದುರು ತೇಲಿ ತೋರಿಸಿದ್ದರಲ್ಲ.

ಹೊರಗೆ ಬಂದು, ಇದು ಕಡೆಯದು, ಮನೆಗೆ ಹೋಗಿ ಲಕ್ಷ್ಮಿಬಾಯಿಗೆ ಬಿಸಿನೀರು ಕಾಸಲು ಹೇಳಬೇಕು ಎಂದರು. ಲಕ್ಷ್ಮಿಬಾಯಿ ಅವರ ಹೆಂಡತಿ. ಒದ್ದೆ ಜಾಕೆಟ್ಟನ್ನು ನಾನೇ ಹಾಕಿದೆ. ಅವರ ಬೆರಳುಗಳು ಮರಗಟ್ಟಿದ್ದರಿಂದ ಬಕಲ್ಲನ್ನೂ ನಾನೇ ಬಿಗಿದೆ.

ಬೋಟು ಮರಳಿನ ದಿಬ್ಬ ದಾಟಿ ನಡುಹೊಳೆಗೆ ಹೋಯಿತು. ಬ್ಯಾರೇಜಿನ ಗೇಟು ಹಾಕಿದ್ದರಿಂದ ನೀರು ತುಂಬಿ ನಿಂತಿತ್ತು. ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕು ಇತ್ತು. ದಂಡೆಯಿಂದ ನೋಡಿದರೆ ನೀರು ತಾಮ್ರದ ತಟ್ಟೆಯಂತೆ ಕಾಣುತ್ತಿತ್ತು, ಅದರ ಮೇಲೆ ಬೋಟು ಮದುವೆ ಮಂಟಪದಂತೆ ಝಗಝಗ ಹೊಳೆಯುತ್ತಿತ್ತು. ರೋಹನ ಮೈಕಿನಲ್ಲಿ, ಈಗ ನಮ್ಮ ಅಂಜುಬುರುಕ ಕಾಕಾನ ಕಮಾಲ್ ನೋಡಿರಿ ಎಂದ. ಕಾಕಾ ಜಿಗಿದರು.

ನಾನು ಎಣಿಸಿದೆ. ಹತ್ತಾಯಿತು. ಹದಿನಾಲ್ಕಾಯಿತು. ಹದಿನೈದಕ್ಕೆ ಎರಡು ಕೈಗಳು ಮೇಲೆ ಬಂದವು. ಮುಗಿದ ಕೈಗಳು, ಮೊಣಕೈವರೆಗೆ. ತಲೆ ಬರಲಿಲ್ಲ. ಬೋಟಿನಲ್ಲಿ ಜೋರಾಗಿ ಚಪ್ಪಾಳೆ ಬಿದ್ದಿತು. ಕೈಗಳು ಒಳಗೆ ಹೋದವು. ಇನ್ನೊಂದು ಸಲ ಬೆರಳುಗಳಷ್ಟೇ ಬಂದವು.

ನನ್ನ ಕೊರಳಲ್ಲಿ ಸೀಟಿ ಇತ್ತು. ಉಸಿರು ಇರುವಷ್ಟು ಊದಿದೆ. ಅದು ಹೊಳೆಯ ಮೇಲೆ ದೂರದವರೆಗೆ ಕೇಳಿಸಿತು. ಬೋಟಿನವರೂ ಬಾಯಿಗೆ ಬೆರಳಿಟ್ಟು ತಿರುಗಿ ಸಿಳ್ಳು ಹಾಕಿದರು. ರೋಹನ ಮೈಕಿನಲ್ಲಿ, "ನೋಡ್ರಿ, ಮಾತ ಬರಲಾರದ ನಮ್ಮ ಕೋಮಲಾ ಸುದ್ದಾ ಸೀಟಿ ಹೊಡ್ಯಾಕತ್ತಾಳ" ಎಂದ. ಎಲ್ಲರೂ ಇನ್ನೂ ಜೋರಾಗಿ ಸಿಳ್ಳು ಹಾಕಿದರು.

ನಾನು ಗೋಡೆಯ ರಿಂಗಿನ ಕಡೆ ಓಡಿದೆ. ಸ್ಕ್ರೂ ಇವೆ ಎಂದು ಗೊತ್ತಿದ್ದರೂ ಓಡಿದೆ. ಎರಡೂ ಕೈಯಿಂದ ಜಗ್ಗಿದೆ. ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಒಬ್ಬ ಹೆಣ್ಣುಮಗಳು, ತಂಗಿ, ಸ್ವಲ್ಪ ಬಾಜೂಕ್ಕೆ ಸರಿ ಎಂದರು.

ಬೋಟಿನಲ್ಲಿ ಅವರು ಎಷ್ಟು ಹೊತ್ತಿಗೆ ಹೆದರಿದರೋ ನನಗೆ ಸರಿಯಾಗಿ ಗೊತ್ತಿಲ್ಲ. ಐದು ನಿಮಿಷವಾದರೂ ಆಗಿರಬೇಕು. ಅಲ್ಲಿಯವರೆಗೆ ರೋಹನ ಮೈಕಿನಲ್ಲಿ, ಕಾಕಾ ಸಾಕು ನಾಟಕ, ಮೇಲೆ ಬಾ ಎನ್ನುತ್ತಿದ್ದ. ಆಮೇಲೆ ಮೈಕು ಬಂದ್ ಆಯಿತು, ಚೀರಾಟ ಕೇಳಿಸಿತು. ಎಲ್ಲರೂ ಫೋನಿನ ಬ್ಯಾಟರಿ ಹಚ್ಚಿ ನೀರಿಗೆ ಹಿಡಿದರು. ತಲೆಯ ಮೇಲೆ ಅಷ್ಟೊಂದು ಬಲ್ಬು ಉರಿಯುತ್ತಿರುವಾಗ ಅವರಿಗೆ ಮೂರು ಮಾರು ಆಚೆಯ ನೀರೂ ಕಾಣುತ್ತಿರಲಿಲ್ಲ. ಅವನ್ನು ಆರಿಸಿದ್ದರೆ ಆಕಾಶದ ಬೆಳಕಿಗೆ ಹೊಳೆ ಕಾಣುತ್ತಿತ್ತು. ಕಾಕಾ ಇದನ್ನು ಹೇಳಿದ್ದರು. ಯಾರೂ ಆರಿಸಲಿಲ್ಲ. ಯಾರೂ ಜಿಗಿಯಲೂ ಇಲ್ಲ. ಬೋಟಿನಲ್ಲಿ ಈಜು ಬರುವವರು ಒಬ್ಬರೇ ಇದ್ದರು.

ಮರುದಿನ ಬೆಳಿಗ್ಗೆ ಕಾಕಾ ಮೀನಿನವರಿಗೆ ಸಿಕ್ಕರು, ತಾವು ಹಿಂದೆ ಕಾವಲಿದ್ದ ಪಂಪ್ ಮನೆಯ ಕೆಳಗೆ. ದಂಡೆಗೆ ತಂದು ಮಲಗಿಸಿದಾಗ ಜಾಕೆಟ್ಟಿನಿಂದ ನೀರು ಇಳಿಯುತ್ತಲೇ ಇತ್ತು. ಪೊಲೀಸರು ಬರುವುದರೊಳಗೆ, ಮೈ ಒರೆಸಬೇಕು ಎಂದು ಹೇಳಿ ಅಣ್ಣಾಸಾಬರು ಅದನ್ನು ತೆಗೆಸಿದರು. ರೋಹನ ಆಫೀಸಿನಿಂದ ಒಂದು ಹೊಸ ಜಾಕೆಟ್ಟು ತಂದ. ತೊಯಿಸಿದರೆ ಹಳೆಯದು ಕಾಣುತ್ತದೆ ಎಂದಿದ್ದರಲ್ಲ, ಅದನ್ನೇ ನೀರಿಗೆ ಅದ್ದಿ ಕಾಕಾನ ಪಕ್ಕದಲ್ಲಿ ಇಟ್ಟ. ಪ್ಲಾಸ್ಟಿಕ್ ಕವರು ಹೊಳೆಯಲ್ಲಿ ತೇಲಿಹೋಯಿತು. ಸ್ಪಂಜಿನದನ್ನು ಗೋಣಿಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟು, ಒಲೆಗೆ ಹಾಕು ಎಂದ. ಪೊಲೀಸರು ಹೊಸ ಜಾಕೆಟ್ಟಿನ ಫೋಟೋ ತೆಗೆದುಕೊಂಡರು. ಅದು ಎಲ್ಲ ರೀತಿಯಿಂದಲೂ ಸರಿಯಾಗಿತ್ತು.

ಜಾಕೆಟ್ಟು ಸರಿಯಾಗಿದ್ದರೆ ಮುಳುಗಿದ್ದು ಹೇಗೆ? ಸಂಜೆಯೊಳಗೆ ಅದಕ್ಕೂ ಉತ್ತರ ಬಂತು. ಕಾಕಾ ಕುಡಿದಿದ್ದರಂತೆ. ಕೊರಳಲ್ಲಿ ತುಳಸಿಮಾಲೆ ಹಾಕಿಕೊಂಡು ಪ್ರತಿ ವರ್ಷ ಪಂಢರಪುರಕ್ಕೆ ನಡೆದು ಹೋಗುತ್ತಿದ್ದ ಮನುಷ್ಯ. ದವಾಖಾನೆಯ ವರದಿ ಬರಲು ಒಂದು ತಿಂಗಳು ಹಿಡಿಯುತ್ತದಂತೆ. ಮಾತು ಹರಡಲು ಒಂದು ದಿನವೂ ಬೇಕಾಗಲಿಲ್ಲ. ಮುಗಿದ ಕೈಗಳ ವಿಡಿಯೋ ಯಾರೋ ಹಾಡು ಕೂಡಿಸಿ ಹಾಕಿದ್ದಾರೆ. ನಮ್ಮ ಓಣಿಯ ಸಣ್ಣ ಮಕ್ಕಳು ಕೈ ಮುಗಿದು ಕುಕ್ಕರುಗಾಲಿನಲ್ಲಿ ಕೂರುವ ಆಟ ಆಡುತ್ತವೆ.

ಮೂರನೆಯ ದಿನ ಹೆಂಗಸರು ಲಕ್ಷ್ಮಿಬಾಯಿಯವರ ಹಸಿರು ಬಳೆ ತೆಗೆಯುವಾಗ ನಾನು ಮೂಲೆಯಲ್ಲಿ ಕುಳಿತಿದ್ದೆ. ಮಾತನಾಡಿಸಲು ಬಂದಿದ್ದ ಒಬ್ಬರು, ಅಷ್ಟು ಕುಡಿದಾಗ ನೀವಾದರೂ ಮನೆಯಲ್ಲಿ ಹಿಡಿದು ಇಟ್ಟುಕೊಳ್ಳಬಾರದಿತ್ತೇ ಎಂದರು. ಲಕ್ಷ್ಮಿಬಾಯಿ ಅಳುವುದನ್ನು ನಿಲ್ಲಿಸಿ ಅವರ ಮುಖ ನೋಡಿದರು.

"ಕುಡದಿದ್ರೂ ಅವರು ನೀರಾಗ ಮುಳಗಾವರಲ್ಲವ್ವಾ. ನೀರಾಗ ನಿದ್ದಿ ಮಾಡ್ತಿದ್ರ ಅವರು. ಅವರ ಮೈಮ್ಯಾಲ ಏನ ಇತ್ತಂತ ಯಾರರ ಹೇಳ್ರಿ ನನಗ."

ನಾನು ಹೇಳಲಿಲ್ಲ. ನನಗೆ ಗೊತ್ತಿತ್ತು.

ಜಾಕೆಟ್ಟನ್ನು ನಾನು ಸುಡಲಿಲ್ಲ. ರವದಿ ಎನ್ನುವ ಕಬ್ಬಿನ ಒಣಗರಿಯ ಬಣವೆಯ ಹಿಂದೆ ಒಣಹಾಕಿದೆ. ಪೂರ್ತಿ ಒಣಗಲು ನಾಲ್ಕು ದಿನ ಹಿಡಿಯಿತು. ಈಗ ಅದು ಮತ್ತೆ ಹಗುರವಾಗಿದೆ, ಮುಟ್ಟಿದರೆ ಮೆತ್ತಗಿದೆ. ಪಟ್ಟಿಯ ತುದಿಯಲ್ಲಿ ಮೂರು ಸಲ ಓಡಿಸಿದ ನನ್ನ ಹೊಲಿಗೆ ಒಂದು ಎಳೆಯೂ ಬಿಟ್ಟಿಲ್ಲ. ಮಾವಶಿಗೆ ಜಾಕೆಟ್ಟು ಕಂಡಿದೆ. ನಾವೇ ಹೊಲಿದಿದ್ದೇವೆ, ನಮ್ಮ ಕೊರಳಿಗೇ ಬರುತ್ತದೆ, ಸುಟ್ಟುಬಿಡು ಎಂದು ಕೈ ಹಿಡಿದು ಬೇಡಿಕೊಂಡರು. ಅವರು ಹೇಳಿದ್ದು ನಿಜ, ನಮ್ಮ ಕೊರಳಿಗೂ ಬರುತ್ತದೆ. ಹೊಲಿದದ್ದು ನಾನೇ. ಮಾವಶಿ ಕೇಳಿ ನೋಡಿ ಹೊಲಿದರು, ನಾನು ಬಕೆಟ್ಟಿನ ತಳ ನೋಡಿದ ಮೇಲೂ ಹೊಲಿದೆ.

ಇನ್ನು ಹದಿನೇಳು ಜಾಕೆಟ್ಟು ಘಾಟಿನ ತಂತಿಯ ಮೇಲಿವೆ. ನಾಳೆ ಇಪ್ಪತ್ತಾರು. ಬೋಟಿಂಗ್ ಮತ್ತೆ ಶುರುವಾಗುತ್ತದೆ. ಪಾಲಬಾವಿ ಕಡೆಯ ಒಂದು ಶಾಲೆಯ ನಾಲ್ವತ್ತು ಮಕ್ಕಳು ಝಂಡಾ ಏರಿಸಿ ಇಲ್ಲಿಗೆ ಬರುತ್ತಾರೆ. ಬೋಟು ನಡೆಸಲು ಹೊಸಬರು ಒಬ್ಬರು ಬಂದಿದ್ದಾರೆ. ನಿನ್ನೆ ಅವರು ದಂಡೆಯಲ್ಲಿ ಮುಖ ತೊಳೆಯುವಾಗ ನೋಡಿದೆ, ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯಲಿಲ್ಲ. ಮಕ್ಕಳಿಗೆ ಬಕಲ್ ಹಾಕಲು ಹತ್ತು ಗಂಟೆಗೆ ಬಾ ಎಂದು ರೋಹನ ನನಗೆ ಹೇಳಿ ಕಳಿಸಿದ್ದಾನೆ.

ಬೆಳಿಗ್ಗೆ ಏಳಕ್ಕೆ ಈ ಹಾಳೆಗಳನ್ನು ಬಸವಂತ ಸರ್ ಕೈಗೆ ಕೊಡುತ್ತೇನೆ. ಹತ್ತು ಗಂಟೆಗೆ ಜಾಕೆಟ್ಟು ತೆಗೆದುಕೊಂಡು ಘಾಟಿಗೆ ಹೋಗುತ್ತೇನೆ. ದ್ರಾಕ್ಷಿ ಅದ್ದುವ ನೀಲಿ ಬ್ಯಾರಲ್ಲಿನಲ್ಲಿ ನೀರು ತುಂಬುತ್ತೇನೆ. ಮಕ್ಕಳು ಮತ್ತು ಅವರ ಸರ್‌ಗಳು ಬಸ್ಸಿನಿಂದ ಇಳಿದ ಕೂಡಲೇ, ಎಲ್ಲರೂ ತಿರುಗಿ ನೋಡುವವರೆಗೆ ಸೀಟಿ ಊದುತ್ತೇನೆ. ಆಮೇಲೆ ಜಾಕೆಟ್ಟನ್ನು ನೀರಿನಲ್ಲಿ ಒತ್ತಿ, ಗುಳ್ಳೆ ನಿಲ್ಲುವ ತನಕ ಹಿಡಿದು, ಕೈ ಬಿಡುತ್ತೇನೆ. ಅದು ತಳಕ್ಕೆ ಹೋದದ್ದನ್ನು ಅವರು ನೋಡಿದ ಮೇಲೆ, ಅದೇ ಜಾಕೆಟ್ಟನ್ನು ಒದ್ದೆಯಲ್ಲೇ ಪೊಲೀಸ್ ಠಾಣೆಗೆ ಒಯ್ಯುತ್ತೇನೆ. ಯಾರ ಬಕಲ್ಲನ್ನೂ ಹಾಕುವುದಿಲ್ಲ.